ಯಾರು ಹೇಳಿದ್ದು, ಅವರಿಗೆ ಹೇಗೆ ಗೊತ್ತು? ಹೈಸ್ಕೂಲ್ ಲೈಬ್ರರಿಯಲ್ಲಿ ಒಂದೇ ಪ್ರಶ್ನೆಯ ಬೆನ್ನು ಹತ್ತಿ

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹಲ್ಮಿಡಿ ಶಾಸನದ ಬಗ್ಗೆ ಪ್ರಾಜೆಕ್ಟ್ ಬರೆದು ತಂದಿದ್ದಳು. ಎಂಟು ಪುಟ. ಮುತ್ತು ಪೋಣಿಸಿದ ಹಾಗೆ ಅಕ್ಷರ. ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಬಿಡಿಸಿದ ಬಳ್ಳಿ. ಎರಡನೇ ಪುಟದ ಮೇಲೆ ಕೆಂಪು ಶಾಯಿಯಲ್ಲಿ ತಲೆಬರಹ ಇತ್ತು: ‘ಹಿನ್ನೆಲೆ [ಬದಲಾಯಿಸಿ]’. ನಾಲ್ಕನೇ ಪುಟದಲ್ಲೂ ಹಾಗೇ, ‘ಶಾಸನದ ಮಹತ್ವ [ಬದಲಾಯಿಸಿ]’.

“ಈ ಬದಲಾಯಿಸಿ ಅಂದ್ರೆ ಏನಮ್ಮ?” ಅಂತ ಕೇಳಿದೆ.

“ಗೊತ್ತಿಲ್ಲ ಮೇಡಂ. ಸೈಬರ್‌ನಲ್ಲಿ ಪ್ರಿಂಟ್ ತೆಗೆದುಕೊಟ್ರು. ಅದರಲ್ಲಿ ಹಾಗೇ ಇತ್ತು.”

ಅದು ಕನ್ನಡ ವಿಕಿಪೀಡಿಯದ ಪುಟ. ‘ಬದಲಾಯಿಸಿ’ ಅಂದರೆ, ಇಲ್ಲಿ ತಪ್ಪಿದ್ದರೆ ಒತ್ತಿ ತಿದ್ದಬಹುದು ಅಂತ ಓದುವವರಿಗೆ ಕೊಟ್ಟ ಕೊಂಡಿ. ಅದನ್ನೂ ಪಾಠದ ಭಾಗ ಅಂದುಕೊಂಡು ಅವಳು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದಳು. ನಾಲ್ಕು ಸಂಜೆ ಕೂತು ಬರೆದಿದ್ದಾಳೆ. ಸೋಮಾರಿತನ ಅನ್ನೋಕೆ ಆಗುವುದಿಲ್ಲ. ‘ಹಲ್ಮಿಡಿ ಶಾಸನದ ಬಗ್ಗೆ ಮಾಹಿತಿ ಸಂಗ್ರಹಿಸಿ’ ಅಂತ ಕೊಟ್ಟವಳು ನಾನು. ಅವಳು ಸಂಗ್ರಹಿಸಿದಳು. ಸಂಗ್ರಹಿಸಿದ್ದನ್ನು ಏನು ಮಾಡಬೇಕು ಅಂತ ನಾನು ಹೇಳಿಕೊಟ್ಟಿರಲೇ ಇಲ್ಲ.

ಆ ದಿನದಿಂದ ನಮ್ಮ ಶಾಲೆಯ ಲೈಬ್ರರಿ ಪೀರಿಯಡ್ ಬೇರೆ ಆಯಿತು. ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಟೀಚರ್. ಲೈಬ್ರರಿಯ ಜವಾಬ್ದಾರಿಯೂ ನನ್ನದೇ. ವಾರಕ್ಕೆ ಒಂದೇ ಪೀರಿಯಡ್, ಎರಡು ಬೀರು ಪುಸ್ತಕ. ಇಷ್ಟರಲ್ಲೇ ಮಕ್ಕಳಿಗೆ ಹುಡುಕುವುದು, ಅಳೆದು ನೋಡುವುದು, ಎಲ್ಲಿಂದ ಸಿಕ್ಕಿತು ಅಂತ ಹೇಳುವುದು ಕಲಿಸಲು ಆಗುತ್ತದೆ. ಹೇಗೆ ಅಂತ ವಿವರವಾಗಿ ಬರೆಯುತ್ತೇನೆ.

ಇದಕ್ಕೆ ‘ಮಾಹಿತಿ ಸಾಕ್ಷರತೆ’ ಅಂತ ಹೆಸರಿದೆ. ಈ ಮಾತನ್ನು ಇಂಗ್ಲಿಷಿನಲ್ಲಿ ಮೊದಲು ಬಳಕೆಗೆ ತಂದವರು ಅಮೆರಿಕದ ಪಾಲ್ ಝುರ್ಕೋವ್‌ಸ್ಕಿ, 1974ರಲ್ಲಿ. ಅವರ ಮನಸ್ಸಿನಲ್ಲಿ ಇದ್ದದ್ದು ಶಾಲೆಗಿಂತ ಜಾಸ್ತಿ ಕಚೇರಿ, ಕಾರ್ಖಾನೆಗಳ ಕೆಲಸ. ಲೈಬ್ರರಿಯವರು ಆಮೇಲೆ ಅದನ್ನು ತಮ್ಮದಾಗಿಸಿಕೊಂಡರು. ನನಗೆ ಏನು ಗೊತ್ತಾಗಬೇಕು, ಅದು ಎಲ್ಲಿ ಸಿಗುತ್ತದೆ, ಸಿಕ್ಕಿದ್ದನ್ನು ಎಷ್ಟು ನಂಬಬಹುದು, ಹೇಗೆ ಬಳಸಬೇಕು, ಯಾರಿಂದ ತಗೊಂಡೆ ಅಂತ ಹೇಗೆ ಹೇಳಬೇಕು, ಇಷ್ಟೂ ಸೇರಿ ಮಾಹಿತಿ ಸಾಕ್ಷರತೆ. ಮಕ್ಕಳಿಗೆ ಈ ಹೆಸರನ್ನು ನಾನು ಹೇಳುವುದೇ ಇಲ್ಲ. ಗೋಡೆಯ ಮೇಲೆ ಎರಡು ಪ್ರಶ್ನೆ ಬರೆಸಿದ್ದೇನೆ: ಯಾರು ಹೇಳಿದ್ದು? ಅವರಿಗೆ ಹೇಗೆ ಗೊತ್ತು?

ಈ ಎರಡು ಪ್ರಶ್ನೆಗೆ ಎಷ್ಟು ಬೆಲೆ ಇದೆ ಅಂತ ನಮ್ಮ ರಾಜ್ಯ ಬಹಳ ನೋವಿನಿಂದ ಕಲಿತಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಹೈದರಾಬಾದ್‌ನಿಂದ ಬಂದಿದ್ದ ಒಬ್ಬ ಎಂಜಿನಿಯರನ್ನು ಜನ ಮಕ್ಕಳ ಕಳ್ಳ ಅಂದುಕೊಂಡು ಹೊಡೆದು ಕೊಂದರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು, ಅಷ್ಟೇ. ವಾಟ್ಸ್ಆ್ಯಪ್‌ನಲ್ಲಿ ಸುದ್ದಿ ಹಬ್ಬಿತ್ತು. ಆ ವರ್ಷ ದೇಶದಲ್ಲಿ ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕಿನಲ್ಲಿ ಬಂದವರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನಿಜ ಏನೆಂದರೆ, ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆ ಮಾಡಿದ ಚಿತ್ರ. ಅದರ ಕೊನೆಯಲ್ಲಿ ಮಗುವನ್ನು ವಾಪಸ್ ತಂದು ಬಿಟ್ಟು, ಜಾಗೃತಿಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಂಚಿದ್ದರು. ಆಮೇಲೆ ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಿಂತ ಜಾಸ್ತಿ ಕಳಿಸದಂತೆ ಮಿತಿ ಹಾಕಿತು. ಕಂಪನಿ ಮಾಡಬಹುದಾದದ್ದು ಅಷ್ಟು. ಫೋನ್ ಕೈಯಲ್ಲಿ ಹಿಡಿದವರು ಒಂದು ಗಳಿಗೆ ನಿಂತು ‘ಇದು ಎಲ್ಲಿಯದು?’ ಅಂತ ಕೇಳುವುದನ್ನು ಕಲಿಸುವ ಕೆಲಸ ಶಾಲೆಯದು.

ಬೀರುವಿನ ಬೀಗ

ಈ ಕೆಲಸ ಯಾಕೆ ಲೈಬ್ರರಿಯಲ್ಲೇ ಆಗಬೇಕು? ತರಗತಿಯಲ್ಲಿ ಒಂದೇ ಪುಸ್ತಕ ಇರುತ್ತದೆ. ಪಠ್ಯಪುಸ್ತಕ ಹೇಳಿದ್ದೇ ಸರಿ ಉತ್ತರ. ಒಂದೇ ವಿಷಯಕ್ಕೆ ಎರಡು ಪುಸ್ತಕ ಎರಡು ಮಾತು ಹೇಳುವ ಜಾಗ ಲೈಬ್ರರಿ. ಆ ಎರಡು ಮಾತು ಎದುರುಬದುರು ಬಂದಾಗಲೇ ಮಗು ಯೋಚನೆ ಶುರು ಮಾಡುತ್ತದೆ.

ಆದರೆ ನಮ್ಮ ಎಷ್ಟೋ ಶಾಲೆಗಳಲ್ಲಿ ಪುಸ್ತಕ ಇದೆ, ಬೀರುವಿಗೆ ಬೀಗವೂ ಇದೆ. ಸಮಗ್ರ ಶಿಕ್ಷಣ ಎಂಬ ಕೇಂದ್ರದ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ಹಂತಕ್ಕೆ ತಕ್ಕ ಹಾಗೆ ವರ್ಷಕ್ಕೆ 5 ಸಾವಿರದಿಂದ 20 ಸಾವಿರ ರೂಪಾಯಿವರೆಗೆ ಲೈಬ್ರರಿ ಅನುದಾನಕ್ಕೆ ಅವಕಾಶ ಇದೆ. ಪುಸ್ತಕ ಬರುತ್ತದೆ, ಸ್ಟಾಕ್ ರಿಜಿಸ್ಟರಿಗೆ ಏರುತ್ತದೆ, ಬೀರು ಸೇರುತ್ತದೆ. ಕಳೆದುಹೋದರೆ ಯಾರು ಜವಾಬ್ದಾರಿ ಎಂಬ ಭಯ ಟೀಚರಿಗೆ. ನನಗೂ ಇತ್ತು. ಎಸ್. ಆರ್. ರಂಗನಾಥನ್ ಅವರ ಐದು ಸೂತ್ರ ಓದಿದ ಮೇಲೆ ಆ ಭಯ ಕಮ್ಮಿಯಾಯಿತು. ರಂಗನಾಥನ್ ಗಣಿತದ ಮೇಷ್ಟ್ರಾಗಿದ್ದವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು. 1931ರಲ್ಲಿ ಅವರು ಕೊಟ್ಟ ಸೂತ್ರಗಳಲ್ಲಿ ಮೊದಲನೆಯದು: ಪುಸ್ತಕ ಇರುವುದು ಬಳಕೆಗೆ. ನಾಲ್ಕನೆಯದು: ಓದುಗನ ಸಮಯ ಉಳಿಸಿ. ಈ ಎರಡನ್ನು ಹಿಡಿದೇ ನಾವು ಬೀರು ತೆಗೆದು ಪುಸ್ತಕಗಳನ್ನು ವಿಷಯವಾರು ಜೋಡಿಸಿದೆವು. ಜೋಡಿಸಿದ್ದು ಮಕ್ಕಳೇ. ಬೆನ್ನಿಗೆ ಬಣ್ಣದ ಟೇಪ್ ಅಂಟಿಸಿ, ಡ್ಯೂಯಿ ಪದ್ಧತಿಯ, ಅಂದರೆ ಲೈಬ್ರರಿಗಳಲ್ಲಿ ಪ್ರತಿ ವಿಷಯಕ್ಕೆ ಕೊಡುವ, ಸಂಖ್ಯೆ ಬರೆದೆವು. 500 ಅಂದರೆ ವಿಜ್ಞಾನ, 894.814 ಕನ್ನಡ ಸಾಹಿತ್ಯ, 954.87 ಕರ್ನಾಟಕದ ಇತಿಹಾಸ. ಈ ಸಂಖ್ಯೆ ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋದಾಗ ಅಲ್ಲೂ ಅದೇ ಥರದ ಸಂಖ್ಯೆ ಕಂಡರೆ ಮಗುವಿಗೆ ಪರಿಚಯದ ಊರಿಗೆ ಬಂದ ಹಾಗೆ ಆಗುತ್ತದೆ.

ಪ್ರಶ್ನೆಯನ್ನೇ ಬಿಡಿಸಿ ನೋಡುವುದು

ನಾವು ಆ ವರ್ಷ ತಗೊಂಡ ಪ್ರಶ್ನೆ ಇದು: ಕನ್ನಡದ ಮೊದಲ ಶಾಸನ ಯಾವುದು?

ಕೇಳಿದ ಕೂಡಲೇ ಅರ್ಧ ತರಗತಿ ‘ಹಲ್ಮಿಡಿ’ ಅಂತ ಕೂಗಿತು. ಪಠ್ಯದಲ್ಲಿ ಓದಿದ್ದಾರೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ “ಇಲ್ಲ ಮೇಡಂ, ತಾಳಗುಂದ. ಪೇಪರ್‌ನಲ್ಲಿ ಬಂದಿತ್ತು ಅಂತ ನಮ್ಮ ಚಿಕ್ಕಪ್ಪ ಹೇಳ್ತಿದ್ರು” ಅಂದ. ತಾಳಗುಂದ ಇರುವುದು ನಮ್ಮ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ನಮ್ಮ ಕಡೆಯದ್ದು ಅಂತ ಗೊತ್ತಾದ ಕೂಡಲೇ ಎಲ್ಲರೂ ತಾಳಗುಂದದ ಪಕ್ಷ ಸೇರಿದರು. ಇದನ್ನೂ ನಾನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ: ‘ನಮಗೆ ಯಾವುದು ಗೆಲ್ಲಬೇಕು ಅಂತ ಆಸೆ ಇದೆ? ತಾಳಗುಂದ.’ ನಮ್ಮ ಆಸೆ ಯಾವ ಕಡೆಗೆ ವಾಲಿದೆ ಅಂತ ಮೊದಲೇ ಬರೆದಿಟ್ಟರೆ, ಆಮೇಲೆ ಪುರಾವೆ ತೂಗುವಾಗ ತಕ್ಕಡಿಯ ಮೇಲೆ ನಮ್ಮ ಬೆರಳು ಇದೆಯಾ ಅಂತ ನೋಡಿಕೊಳ್ಳಬಹುದು. ದೊಡ್ಡವರಿಗೂ ಕಷ್ಟವಾದ ಅಭ್ಯಾಸ ಇದು. ಮಕ್ಕಳು ಬೇಗ ಕಲಿಯುತ್ತಾರೆ.

ಹುಡುಕೋಕೆ ಹೊರಡುವ ಮೊದಲು ಒಂದು ಇಡೀ ಪೀರಿಯಡ್ ಪ್ರಶ್ನೆಯ ಮೇಲೆಯೇ ಕೂತೆವು. ‘ಮೊದಲ’ ಅಂದರೆ ಏನು? ಮೊದಲು ಕೆತ್ತಿದ್ದೋ, ಇಲ್ಲಿವರೆಗೆ ಸಿಕ್ಕಿದ್ದರಲ್ಲಿ ಹಳೆಯದ್ದೋ? ನೆಲದ ಕೆಳಗೆ ಇನ್ನೂ ಸಿಗದೆ ಇರುವುದು ಎಷ್ಟಿದೆಯೋ. ‘ಕನ್ನಡದ’ ಅಂದರೆ ಏನು? ಪೂರ್ತಿ ಕನ್ನಡದಲ್ಲಿ ಇರಬೇಕಾ, ಸಂಸ್ಕೃತದ ಜೊತೆ ಕನ್ನಡವೂ ಇದ್ದರೆ ಸಾಕಾ, ಒಂದೇ ಒಂದು ಕನ್ನಡ ಪದ ಇದ್ದರೂ ಆಯಿತಾ? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಅದರ ಭಾಷೆ ಪ್ರಾಕೃತ. ಅದರಲ್ಲಿ ಬರುವ ‘ಇಸಿಲ’ ಎಂಬ ಊರಿನ ಹೆಸರು ಕನ್ನಡ ಪದ ಅಂತ ಹೇಳುವ ವಿದ್ವಾಂಸರಿದ್ದಾರೆ. ಹಾಗಾದರೆ ಅದೂ ಲೆಕ್ಕಕ್ಕೆ ಬರುತ್ತದಾ?

ನಲವತ್ತು ನಿಮಿಷ ಮುಗಿದಾಗ ಪ್ರಶ್ನೆ ಹೀಗಾಗಿತ್ತು: ‘ಕನ್ನಡ ಭಾಷೆಯಲ್ಲಿ ಬರೆದ, ಇಲ್ಲಿವರೆಗೆ ಸಿಕ್ಕಿರುವ ಶಾಸನಗಳಲ್ಲಿ ತುಂಬಾ ಹಳೆಯದು ಯಾವುದು ಅಂತ ಯಾರು ಯಾರು ಹೇಳುತ್ತಾರೆ, ಯಾವ ಆಧಾರದ ಮೇಲೆ?’ ಉದ್ದ ಇದೆ ನಿಜ. ಆದರೆ ಈ ಪ್ರಶ್ನೆಯನ್ನು ಸೈಬರ್ ಸೆಂಟರಿನಿಂದ ಎಂಟು ಪುಟ ಪ್ರಿಂಟ್ ತಂದು ಮುಗಿಸೋಕೆ ಆಗಲ್ಲ. ‘ಬಗ್ಗೆ ಬರೆಯಿರಿ’ ಎಂದರೆ ನಕಲು ಬರುತ್ತದೆ. ‘ಯಾರು ಹೇಳುತ್ತಾರೆ, ಯಾವ ಆಧಾರದ ಮೇಲೆ’ ಎಂದರೆ ಮಗು ಎರಡು ಕಡೆ ನೋಡಲೇಬೇಕು. ನಕಲು ಮಾಡಬೇಡಿ ಅಂತ ಬೈಯುವುದಕ್ಕಿಂತ ನಕಲಿಗೆ ಸಿಗದ ಪ್ರಶ್ನೆ ಕೊಡುವುದು ಒಳ್ಳೆಯದು ಎಂಬುದು ನನ್ನ ಅನುಭವ.

ಪುಸ್ತಕದಲ್ಲಿ ಹುಡುಕುವುದು, ಫೋನಿನಲ್ಲಿ ಹುಡುಕುವುದು

ಪುಸ್ತಕ ಕೈಗೆ ಕೊಟ್ಟರೆ ನಮ್ಮ ಮಕ್ಕಳು ಮೊದಲ ಪುಟದಿಂದ ಓದುತ್ತಾರೆ. ಪರಿವಿಡಿ ಗೊತ್ತು. ಹಿಂದುಗಡೆ ಇರುವ ಪದಸೂಚಿ ಗೊತ್ತಿಲ್ಲ. ಕನ್ನಡದ ಎಷ್ಟೋ ಪುಸ್ತಕಗಳಲ್ಲಿ ಪದಸೂಚಿ ಇರುವುದೂ ಇಲ್ಲ, ಅದು ನಮ್ಮ ಪ್ರಕಾಶನದ ಒಂದು ಕೊರತೆ. ಇದ್ದರೂ ಅಕಾರಾದಿಯಲ್ಲಿ ಹುಡುಕೋಕೆ ಮಕ್ಕಳು ತಡವರಿಸುತ್ತಾರೆ. ಒಂದು ದಿನ ಒಬ್ಬ ಹುಡುಗ ನಿಘಂಟಿನಲ್ಲಿ ‘ಕ್ಷತ್ರಪ’ ಹುಡುಕುತ್ತಿದ್ದ. ಕೊನೆಯ ಪುಟ ತೆಗೆದ, ‘ಳ’ ಆದ ಮೇಲೆ ನೋಡಿದ, ಇಲ್ಲ ಅಂದ. ಒಂದನೇ ತರಗತಿಯ ವರ್ಣಮಾಲೆ ಚಾರ್ಟಿನಲ್ಲಿ ಕ್ಷ, ಜ್ಞ ಕೊನೆಯಲ್ಲಿ ಇರುತ್ತವಲ್ಲ, ಆ ನೆನಪು. ನಿಘಂಟಿನಲ್ಲಿ ಕ್ಷ ಅಂದರೆ ಕ-ಕಾರಕ್ಕೆ ಷ ಒತ್ತು. ಆದ್ದರಿಂದ ಕ, ಕಾ, ಕಿ ಅಂತ ಕೌ ತನಕ ಹೋಗಿ, ಆಮೇಲೆ ಒತ್ತಕ್ಷರಗಳ ಸಾಲಿನಲ್ಲಿ ಅದು ಸಿಗುತ್ತದೆ. ಇದನ್ನು ಹೇಳಿಕೊಡೋಕೆ ಹತ್ತು ನಿಮಿಷ ಸಾಕು. ಇಬ್ಬಿಬ್ಬರಿಗೆ ಒಂದು ನಿಘಂಟು ಕೊಟ್ಟು, ಐದು ಪದ ಬೋರ್ಡಿನ ಮೇಲೆ ಬರೆದು, ಯಾರು ಮೊದಲು ಹುಡುಕುತ್ತಾರೆ ಅಂತ ಆಟ ಆಡಿಸುತ್ತೇವೆ. ಆ ಪೀರಿಯಡ್ಡಿನ ಗಲಾಟೆಗೆ ಪಕ್ಕದ ತರಗತಿಯವರು ಬಂದು ಇಣುಕಿ ನೋಡುತ್ತಾರೆ.

ನಮ್ಮ ಬೀರುವಿನಲ್ಲಿ ದೊಡ್ಡ ಆಕರ ಗ್ರಂಥಗಳಿಲ್ಲ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ 14 ಸಂಪುಟ ಇದೆ. ಅದನ್ನು ನೋಡೋಕೆ ದೊಡ್ಡ ಲೈಬ್ರರಿಗೇ ಹೋಗಬೇಕು. ಎಲ್ಲವೂ ನಮ್ಮಲ್ಲೇ ಇರಬೇಕಾಗಿಲ್ಲ, ಎಲ್ಲಿದೆ ಅಂತ ಗೊತ್ತಿದ್ದರೆ ಸಾಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ತಾಲ್ಲೂಕಿನ ಲೈಬ್ರರಿ, ಜಿಲ್ಲಾ ಕೇಂದ್ರ ಗ್ರಂಥಾಲಯ, ಯಾವುದರಲ್ಲಿ ಏನು ಸಿಗುತ್ತದೆ ಅಂತ ಮಕ್ಕಳೇ ಹೋಗಿ ವಿಚಾರಿಸಿ ಒಂದು ಪಟ್ಟಿ ಮಾಡಿ ಬಾಗಿಲಿಗೆ ಅಂಟಿಸಿದ್ದಾರೆ.

ಇನ್ನು ಫೋನ್. ಇಲ್ಲಿ ಕನ್ನಡದ್ದೇ ಆದ ಕೆಲವು ತೊಡಕುಗಳಿವೆ. ಇಂಗ್ಲಿಷಿನವರಿಗೆ ಬರೆದ ಹುಡುಕಾಟದ ಪಾಠಗಳಲ್ಲಿ ಇವು ಬರುವುದಿಲ್ಲ.

ಮೊದಲನೆಯದು ವಿಭಕ್ತಿ. ನಮ್ಮ ಪದಗಳಿಗೆ ಬಾಲ ಜಾಸ್ತಿ. ಹಲ್ಮಿಡಿ, ಹಲ್ಮಿಡಿಯಲ್ಲಿ, ಹಲ್ಮಿಡಿಯಿಂದ, ಹಲ್ಮಿಡಿಯಲ್ಲಿರುವ, ಇವೆಲ್ಲ ನಮಗೆ ಒಂದೇ ಊರು. ಯಂತ್ರಕ್ಕೆ ಎಷ್ಟೋ ಸಲ ಬೇರೆ ಬೇರೆ ಪದ. ಅದಕ್ಕೇ ‘ಹಲ್ಮಿಡಿಯಲ್ಲಿ ಸಿಕ್ಕಿದ ಶಾಸನದ ಕಾಲವನ್ನು ಹೇಗೆ ಕಂಡುಹಿಡಿದರು’ ಅಂತ ಟೈಪ್ ಮಾಡುವ ಬದಲು ಬಾಲ ಕತ್ತರಿಸಿ ‘ಹಲ್ಮಿಡಿ ಶಾಸನ ಕಾಲ ಲಿಪಿ’ ಅಂತ ಹಾಕಬೇಕು. ಎರಡನೆಯದು ಕಾಗುಣಿತ. ಒಂದೇ ಊರನ್ನು ತಾಳಗುಂದ ಅಂತಲೂ ತಾಳಗುಂಡ ಅಂತಲೂ ಬರೆದಿರುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಇನ್ನೂ ನಾಲ್ಕು ಥರ. ಒಂದರಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ನೋಡಬೇಕು. ಮೂರನೆಯದು ಬಹಳ ಜನರಿಗೆ ಹೊಳೆಯದ್ದು. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬರುವ ಮೊದಲು ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕನ್ನಡ ಎಷ್ಟೋ ಇದೆ. ಅದು ನಮ್ಮ ಕಣ್ಣಿಗೆ ಕನ್ನಡ. ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಸ್ಕ್ಯಾನ್ ಮಾಡಿ ಏರಿಸಿದ ಹಳೆಯ ಪುಸ್ತಕಗಳೂ ಎಷ್ಟೋ ಸಲ ಬರೀ ಚಿತ್ರ, ಒಳಗಿನ ಪದ ಹುಡುಕೋಕೆ ಬರುವುದಿಲ್ಲ. ಹಾಗಾಗಿ ‘ಗೂಗಲ್‌ನಲ್ಲಿ ಸಿಗಲಿಲ್ಲ’ ಎಂದ ಮಾತ್ರಕ್ಕೆ ‘ಇಲ್ಲ’ ಅಂತಲ್ಲ. ಕನ್ನಡದಲ್ಲಿ ತಿಳಿದುಕೊಳ್ಳಬೇಕಾದ ಎಷ್ಟೋ ವಿಷಯ ಇನ್ನೂ ಕಾಗದದ ಮೇಲೆಯೇ ಇದೆ. ಬೀರು ತೆಗೆಯಬೇಕು ಅನ್ನೋಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಗೊತ್ತಿಲ್ಲ.

ಗಂಡು ನೋಡುವಾಗ ಮಾಡುವ ವಿಚಾರಣೆ

ಸಿಕ್ಕಿದ್ದು ನಂಬಬಹುದಾದದ್ದಾ ಅಂತ ತಿಳಿಯುವುದು ಹೇಗೆ? ಹಿಂದೆ ನಾನು ಪುಟವನ್ನೇ ಚೆನ್ನಾಗಿ ಓದಿ ನೋಡಿ ಅಂತ ಹೇಳುತ್ತಿದ್ದೆ. ಕಾಗುಣಿತ ಸರಿ ಇದೆಯಾ, ಹೆಸರು ಹಾಕಿದ್ದಾರಾ, ನೋಡೋಕೆ ಅಚ್ಚುಕಟ್ಟಾಗಿದೆಯಾ. ಅದು ಸಾಲದು ಅಂತ ಗೊತ್ತಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅವರು 45 ಜನರಿಗೆ ಕೆಲವು ವೆಬ್‌ಸೈಟ್ ತೋರಿಸಿ, ಇವು ನಂಬಿಕೆಗೆ ಯೋಗ್ಯವಾ ಅಂತ ಕೇಳಿದರು. ಅದರಲ್ಲಿ 10 ಜನ ಇತಿಹಾಸಕಾರರು, 10 ಜನ ಸುದ್ದಿಯ ಸತ್ಯ ಪರೀಕ್ಷೆ ಮಾಡುವವರು, 25 ಜನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು. ಇತಿಹಾಸದ ಪಂಡಿತರು, ಜಾಣ ವಿದ್ಯಾರ್ಥಿಗಳು ಅದೇ ಪುಟದಲ್ಲಿ ಮೇಲೆ ಕೆಳಗೆ ಓದುತ್ತಾ ಕೂತರು. ಅಚ್ಚುಕಟ್ಟಾದ ಲೋಗೊ, ಗಂಭೀರವಾದ ಹೆಸರು ನೋಡಿ ಅನೇಕರು ಮೋಸ ಹೋದರು. ಸತ್ಯ ಪರೀಕ್ಷಕರು ಮಾತ್ರ ಸ್ವಲ್ಪ ಹೊತ್ತಿಗೇ ಆ ಪುಟ ಬಿಟ್ಟು ಹೊರಗೆ ಬಂದರು. ಹೊಸ ಟ್ಯಾಬ್ ತೆಗೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡಿದರು. ಕಮ್ಮಿ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ.

ಇದನ್ನು ಮಕ್ಕಳಿಗೆ ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದಾಗ ನಮ್ಮ ಮನೆಯಲ್ಲೇ ಒಂದು ಸಂಬಂಧದ ಮಾತು ನಡೆಯುತ್ತಿತ್ತು. ಮರುದಿನ ತರಗತಿಯಲ್ಲಿ ಕೇಳಿದೆ, “ಅಕ್ಕನಿಗೆ ಗಂಡು ನೋಡ್ತೀರಿ. ಹುಡುಗ ಹೇಗೆ ಅಂತ ಯಾರನ್ನ ಕೇಳ್ತೀರಿ? ಅವರ ಮನೆಯವರನ್ನೇ ಕೇಳ್ತೀರಾ?” ಎಲ್ಲರೂ “ಇಲ್ಲ ಮೇಡಂ” ಅಂದರು. “ಆ ಊರಲ್ಲಿ ಗೊತ್ತಿರೋರನ್ನ ವಿಚಾರಿಸ್ತೀವಿ.” ಇನ್ನೊಬ್ಬಳು ಸೇರಿಸಿದಳು, “ಒಬ್ರನ್ನ ಅಲ್ಲ ಮೇಡಂ, ಇಬ್ರು ಮೂವರನ್ನ. ಒಬ್ರಿಗೆ ಅವರ ಮೇಲೆ ಸಿಟ್ಟಿದ್ರೆ?” ಅಷ್ಟೇ ವಿಷಯ. ವೆಬ್‌ಸೈಟ್ ತನ್ನ ಬಗ್ಗೆ ತಾನು ಬರೆದುಕೊಂಡಿದ್ದು ಗಂಡಿನ ಮನೆಯ ಮಾತು. ಅಕ್ಕಪಕ್ಕ ಇಬ್ಬರು ಮೂವರನ್ನು ವಿಚಾರಿಸಬೇಕು. ಅವರಿಗೆ ಒಲವೋ ಸಿಟ್ಟೋ ಇದೆಯಾ ಅಂತಲೂ ನೋಡಬೇಕು. ಈಗ ನಮ್ಮ ಮಕ್ಕಳ ಬಾಯಲ್ಲಿ ‘ಗಂಡಿನ ಮನೆ ಮಾತು’ ಎಂಬುದು ಒಂದು ಪದವೇ ಆಗಿಹೋಗಿದೆ.

ಈ ವಿಚಾರಣೆಯನ್ನು ನಮ್ಮ ಎರಡು ಶಾಸನಗಳಿಗೆ ಹಚ್ಚಿದೆವು. ಹಲ್ಮಿಡಿ ಇರುವುದು ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ. ಶಾಸನವನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ. ಅದರಲ್ಲಿ 16 ಸಾಲು ಇವೆ. ವಿಜ ಅರಸ ಎಂಬ ವೀರನಿಗೆ ‘ಬಾಳ್ಗಳ್ಚು’ ಆಗಿ, ಅಂದರೆ ಯುದ್ಧ ಮುಗಿಸಿ ಕತ್ತಿ ತೊಳೆದ ಗೌರವಕ್ಕೆ, ಪಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಕೊಟ್ಟ ವಿಷಯ ಅದರಲ್ಲಿದೆ. ಪಲ್ಮಿಡಿಯೇ ಇವತ್ತಿನ ಹಲ್ಮಿಡಿ. ಪಾಲು ಹಾಲಾದ ಹಾಗೆ, ಪುಲಿ ಹುಲಿಯಾದ ಹಾಗೆ. ಇದನ್ನು ಹೇಳಿದಾಗ ಮಕ್ಕಳ ಮುಖ ಅರಳಿದ್ದನ್ನು ನೋಡಬೇಕಿತ್ತು. ಕನ್ನಡ ಮೇಷ್ಟ್ರು ಪ-ಕಾರ ಹ-ಕಾರ ಆಗುವ ಪಾಠ ಮಾಡಿದ್ದು ಕಲ್ಲಿನ ಮೇಲೆ ಕಂಡಿತು.

ಆದರೆ ಇಸವಿ? ಶಾಸನದಲ್ಲಿ ಇಸವಿಯೇ ಇಲ್ಲ! ಇದು ಮಕ್ಕಳಿಗೆ ದೊಡ್ಡ ಆಶ್ಚರ್ಯ. ಪಠ್ಯದಲ್ಲಿ ‘ಕ್ರಿ.ಶ. 450’ ಅಂತ ಓದಿ ಓದಿ, ಕಲ್ಲಿನ ಮೇಲೇ 450 ಅಂತ ಕೆತ್ತಿದೆ ಅಂದುಕೊಂಡಿದ್ದರು. ಅಕ್ಷರದ ಆಕಾರ, ಭಾಷೆಯ ರೀತಿ, ಒಳಗೆ ಬರುವ ಕದಂಬ ಕಾಕುಸ್ಥನ ಹೆಸರು, ಇವನ್ನು ಇಟ್ಟುಕೊಂಡು ವಿದ್ವಾಂಸರು ಮಾಡಿದ ಅಂದಾಜು ಅದು. ಅದಕ್ಕೇ ‘ಸುಮಾರು’ ಎಂಬ ಪದ ಸೇರಿಸುತ್ತಾರೆ. ಇನ್ನೂ ಸ್ವಲ್ಪ ಈಚಿನದು ಅನ್ನುವವರೂ ಇದ್ದಾರೆ. ಒಬ್ಬ ಹುಡುಗ ತನ್ನ ಪಠ್ಯಪುಸ್ತಕ ತೆಗೆದು ಪೆನ್ಸಿಲಿನಲ್ಲಿ 450ರ ಹಿಂದೆ ‘ಸು.’ ಅಂತ ಬರೆದುಕೊಂಡ. ಆ ಒಂದು ಅಕ್ಷರ ನನಗೆ ಇಡೀ ವರ್ಷದ ಸಂಬಳ ಕೊಟ್ಟ ಹಾಗಾಯಿತು.

ತಾಳಗುಂದದ ಕಡೆ ಬಂದರೆ, ಅಲ್ಲಿನ ಪ್ರಣವೇಶ್ವರ ದೇವಸ್ಥಾನದ ಬಳಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 2013ರಲ್ಲಿ ಉತ್ಖನನ ಮಾಡಿದಾಗ ಸಿಂಹದ ಕೆತ್ತನೆ ಇರುವ ಕಟಾಂಜನ ಸಿಕ್ಕಿತು. ಮೆಟ್ಟಿಲ ಪಕ್ಕದ ಕೈಪಿಡಿಗೋಡೆಯ ಕಲ್ಲು ಅದು. ಅದರ ಮೇಲಿನ ಬರಹದಲ್ಲಿ ಸಂಸ್ಕೃತದ ಜೊತೆ ಕನ್ನಡ ಇದೆ, ಕಾಲ ಕ್ರಿ.ಶ. 370 ಅಂತ ಇಲಾಖೆ ಹೇಳಿತು. ಪತ್ರಿಕೆಗಳು ‘ಹಲ್ಮಿಡಿಗಿಂತ ಹಳೆಯ ಶಾಸನ’ ಎಂದು ಬರೆದವು. ಈಗ ಮಕ್ಕಳ ಮುಂದೆ ಇದ್ದದ್ದು ಹೀಗೆ: ಒಂದು ಕಡೆ, ಎಷ್ಟೋ ವರ್ಷ ಅನೇಕ ಜನ ವಿದ್ವಾಂಸರು ಓದಿ, ವಾದ ಮಾಡಿ, ಒಪ್ಪಿದ ಶಾಸನ. ಇನ್ನೊಂದು ಕಡೆ, ಉತ್ಖನನ ಮಾಡಿದ ಇಲಾಖೆಯೇ ಹೇಳಿದ ಹೊಸ ಸಂಗತಿ. ‘ಇಲಾಖೆ ಹೇಳಿದೆ’ ಎಂಬುದಕ್ಕೆ ತೂಕ ಇದೆ. ಆದರೆ ಅದೊಂದೇ ಸಾಕಾ? ನಮ್ಮ ಜಿಲ್ಲೆಯ ಶಾಸನ ಅನ್ನುವ ಆಸೆ ಬೋರ್ಡಿನ ಮೂಲೆಯಲ್ಲಿ ನಮ್ಮನ್ನೇ ನೋಡುತ್ತಿತ್ತು. ಕೊನೆಗೆ ಮಕ್ಕಳು ಬರೆದ ವಾಕ್ಯ: ‘ಬಹಳ ಕಾಲದಿಂದ ಒಪ್ಪಿಕೊಂಡಿರುವುದು ಹಲ್ಮಿಡಿ, ಸುಮಾರು 450. ಅದಕ್ಕಿಂತ ಹಳೆಯದು ತಾಳಗುಂದದಲ್ಲಿ ಸಿಕ್ಕಿದೆ, ಕಾಲ 370 ಎಂದು ಪುರಾತತ್ವ ಇಲಾಖೆ ಹೇಳಿದೆ. ಪೂರ್ತಿ ಕನ್ನಡದ್ದು ಬೇಕಾ, ಸಂಸ್ಕೃತ ಸೇರಿದ್ದರೂ ಆಗುತ್ತದಾ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.’ ಹದಿನಾಲ್ಕು ವರ್ಷದ ಮಕ್ಕಳು ಬರೆದದ್ದು ಇದು.

ಲಗ್ನಪತ್ರಿಕೆಯ ಹಿಂಬದಿ

ಓದಿದ್ದನ್ನು ಬರೆದಿಟ್ಟುಕೊಳ್ಳುವುದಕ್ಕೆ ನಾವು ಹಳೆಯ ಲಗ್ನಪತ್ರಿಕೆ ಬಳಸುತ್ತೇವೆ. ದಪ್ಪ ಕಾಗದ, ಹಿಂದೆ ಖಾಲಿ, ಪ್ರತಿ ಮನೆಯಲ್ಲೂ ಸಿಗುತ್ತದೆ. ಒಂದು ಸಂಗತಿಗೆ ಒಂದು ಕಾರ್ಡು. ಮೇಲೆ ಸಂಗತಿ, ಕೆಳಗೆ ಪುಸ್ತಕದ ಹೆಸರು, ಬರೆದವರು, ಪ್ರಕಟವಾದ ವರ್ಷ, ಪುಟ ಸಂಖ್ಯೆ. ಮೂಲೆಯಲ್ಲಿ ‘ನನಗೆ ಅನಿಸಿದ್ದು’ ಅಂತ ಒಂದು ಸಾಲು. ಬರೆಯುವ ಕ್ರಮ ಒಂದೇ: ಓದು, ಪುಸ್ತಕ ಮುಚ್ಚು, ಪಕ್ಕದವರಿಗೆ ಬಾಯಲ್ಲಿ ಹೇಳು, ಆಮೇಲೆ ಬರೆ. ಪುಸ್ತಕ ತೆರೆದಿದ್ದರೆ ಕೈ ತಾನಾಗೇ ನಕಲು ಮಾಡುತ್ತದೆ. ಬಾಯಲ್ಲಿ ಒಮ್ಮೆ ಹೇಳಿದರೆ ಮಾತು ತಮ್ಮದಾಗುತ್ತದೆ.

ಮೂಲ ಯಾಕೆ ಬರೆಯಬೇಕು ಅಂತ ಮಕ್ಕಳು ಕೇಳುತ್ತಾರೆ. ಅದಕ್ಕೆ ಪಹಣಿಯ ಉದಾಹರಣೆ ಕೊಡುತ್ತೇನೆ. ‘ಅಲ್ಲೆಲ್ಲೋ ಹಳ್ಳದ ಪಕ್ಕ ನಮ್ಮ ಗದ್ದೆ’ ಅಂದರೆ ಯಾರೂ ಒಪ್ಪುವುದಿಲ್ಲ. ಸರ್ವೆ ನಂಬರ್ ಬೇಕು. ಶಾಸನಗಳಿಗೂ ಅಂಥ ನಂಬರ್ ಇದೆ. ಬಿ. ಎಲ್. ರೈಸ್ ಹಳೆಯ ಮೈಸೂರು ಸಂಸ್ಥಾನ, ಕೊಡಗಿನ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಸಂಪುಟಗಳನ್ನು 1886ರಿಂದ ಪ್ರಕಟಿಸಿದರು. ಅದರಲ್ಲಿ ತಾಲ್ಲೂಕುವಾರು ಸಂಖ್ಯೆ ಕೊಟ್ಟಿದ್ದಾರೆ. ಮಯೂರಶರ್ಮನ ಕಥೆ ಹೇಳುವ, ತಾಳಗುಂದದ ಪ್ರಸಿದ್ಧ ಸಂಸ್ಕೃತ ಕಂಬದ ಶಾಸನ ಅಲ್ಲಿ ಶಿಕಾರಿಪುರ 176. ಈ ಸಂಖ್ಯೆ ಬರೆದರೆ ಧಾರವಾಡದಲ್ಲಿ ಕೂತವರೂ ಲಂಡನ್ನಿನಲ್ಲಿ ಕೂತವರೂ ಅದೇ ಕಲ್ಲಿಗೆ ಬಂದು ನಿಲ್ಲುತ್ತಾರೆ. ನಾವು ಬರೆದದ್ದು ತಪ್ಪಾಗಿದ್ದರೆ ತೋರಿಸಿಕೊಡುತ್ತಾರೆ. ತಪ್ಪು ಹಿಡಿಯೋಕೆ ದಾರಿ ಬಿಟ್ಟುಕೊಡುವುದೇ ಪ್ರಾಮಾಣಿಕ ಬರವಣಿಗೆ.

ಈಗ ಎಐ ಬಂದಿದೆ. ಒಬ್ಬ ಹುಡುಗ ಅಣ್ಣನ ಫೋನಿನಲ್ಲಿ ಕೇಳಿ, ಶಾಸನಗಳ ಬಗ್ಗೆ ಮೂರು ಪುಸ್ತಕದ ಹೆಸರು, ಲೇಖಕರು, ಪುಟ ಸಂಖ್ಯೆ ಸಮೇತ ತಂದ. ನೋಡೋಕೆ ನಮ್ಮ ಕಾರ್ಡಿನ ಥರವೇ ಇತ್ತು. ಲೈಬ್ರರಿಗಳ ಪಟ್ಟಿಯಲ್ಲಿ ಹುಡುಕಿದೆವು. ಒಂದು ಪುಸ್ತಕ ಇತ್ತು, ಲೇಖಕರು ಬೇರೆ. ಉಳಿದ ಎರಡು ಎಲ್ಲೂ ಸಿಗಲಿಲ್ಲ. ಇಂಥ ಯಂತ್ರ ಮುಂದೆ ಯಾವ ಪದ ಬರಬಹುದು ಅಂತ ಲೆಕ್ಕ ಹಾಕಿ ವಾಕ್ಯ ಕಟ್ಟುತ್ತದೆ. ಹಾಗಾಗಿ ಇಲ್ಲದ ಪುಸ್ತಕವನ್ನೂ ಇದ್ದ ಹಾಗೆಯೇ ಹೇಳಬಲ್ಲದು. ನಾನು ಬಳಸಬೇಡಿ ಅಂತ ಹೇಳಲಿಲ್ಲ. ಕಷ್ಟದ ಪದದ ಅರ್ಥ ಕೇಳಿ, ಏನೇನು ಹುಡುಕಬಹುದು ಅಂತ ಕೇಳಿ. ಆದರೆ ಅದರ ಮಾತು ಕಾರ್ಡಿನ ಮೇಲೆ ಏರಬೇಕಾದರೆ ಮೂಲ ಪುಸ್ತಕವೋ ಪುಟವೋ ಕಣ್ಣಾರೆ ನೋಡಿರಬೇಕು. ಇದು ನಮ್ಮ ಲೈಬ್ರರಿಯ ನಿಯಮ.

ಅಂಕ ಕೊಡುವುದನ್ನೂ ಬದಲಾಯಿಸಿದೆ. ಎಫ್‌ಎ, ಅಂದರೆ ವರ್ಷದ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನದ, ಚಟುವಟಿಕೆಯ ಅಂಕದಲ್ಲಿ ಅರ್ಧ ಈಗ ಕಾರ್ಡುಗಳಿಗೆ ಮತ್ತು ಹುಡುಕಾಟದ ದಿನಚರಿಗೆ. ಎಲ್ಲಿ ನೋಡಿದೆ, ಎಲ್ಲಿ ಸಿಗಲಿಲ್ಲ, ಯಾಕೆ ದಾರಿ ಬದಲಿಸಿದೆ ಅಂತ ಬರೆದಿರಬೇಕು. ‘ಸಿಗಲಿಲ್ಲ’ ಎಂದು ಬರೆದದ್ದಕ್ಕೂ ಅಂಕ ಉಂಟು. ಅಲಂಕಾರದ ಅಂಚಿಗೆ ಅಂಕ ಇಲ್ಲ. ಆದರೂ ಆ ಹುಡುಗಿ ಅಂಚಿಗೆ ಬಳ್ಳಿ ಬಿಡಿಸುವುದನ್ನು ಬಿಡಲಿಲ್ಲ, ನನಗದು ಇಷ್ಟವೇ.

ಅವಳು ಈಗ ಹತ್ತನೇ ತರಗತಿ. ಅವಳ ಊರಿನ ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆ. ಊರವರು ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅದಕ್ಕೆ ರೈಸ್ ಸಂಖ್ಯೆ ಕೊಟ್ಟಿದ್ದಾರಾ ಅಂತ ಅವಳು ಹುಡುಕುತ್ತಿದ್ದಾಳೆ. ಅಜ್ಜಿ ಹೇಳಿದ ಕಥೆಯನ್ನು ಒಂದು ಕಾರ್ಡಿನಲ್ಲಿ ಬರೆದಿದ್ದಾಳೆ, ಮೂಲದ ಜಾಗದಲ್ಲಿ ‘ನಮ್ಮಜ್ಜಿ, ವಯಸ್ಸು 78, ಅವರಿಗೆ ಅವರ ಅತ್ತೆ ಹೇಳಿದ್ದು’ ಅಂತ. ಕಲ್ಲಿನ ಮೇಲೆ ಕಾಣುವ ಎರಡು ಸಾಲನ್ನು ಕಂಡ ಹಾಗೆಯೇ ಇನ್ನೊಂದು ಕಾರ್ಡಿನಲ್ಲಿ ಬಿಡಿಸಿದ್ದಾಳೆ. ಸವೆದುಹೋದ ಅಕ್ಷರಗಳ ಜಾಗದಲ್ಲಿ ಚುಕ್ಕಿ ಇಟ್ಟಿದ್ದಾಳೆ, ಒಂಬತ್ತು ಚುಕ್ಕಿ. ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಶಿವಮೊಗ್ಗದ ಬಸ್ ಹತ್ತಿ, ದೊಡ್ಡ ಲೈಬ್ರರಿಯಲ್ಲಿ ಆ ಸಂಪುಟ ನೋಡಬೇಕು ಅಂತ ಇದ್ದೇವೆ.